ಎಮ್ಮೆಯ ತಾರೀಖು ಗೊತ್ತು, ನಮ್ಮ ತಾರೀಖು?



ಆಕಳು ಬೆದೆಗೆ ಬಂದ ದಿನ ನಿಮಗೆ ನೆನಪಿರುತ್ತದೆ. ಗಬ್ಬ ನಿಲ್ಲದಿದ್ದರೆ 21 ದಿನಕ್ಕೆ ಮತ್ತೆ ನೋಡಬೇಕೆಂಬುದೂ ಗೊತ್ತು. ಆಕಳಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ ಎಂದು ಬೆರಳೆಣಿಸಿ ಹೇಳುತ್ತೀರಿ. ಹಾಲು ಇಳಿದರೆ ಅದೇ ದಿನ ಪಶುವೈದ್ಯರಿಗೆ ಫೋನು ಹೋಗುತ್ತದೆ. ಆದರೆ ನಿಮ್ಮ ಮುಟ್ಟು ಮೂರು ತಿಂಗಳಿಂದ ಏರುಪೇರಾಗಿದ್ದರೆ, ಸೊಂಟ ನೋವಿನಿಂದ ಕ್ಯಾನು ಎತ್ತಲು ಆಗದಿದ್ದರೆ ಯಾರಿಗೆ ಹೇಳುತ್ತೀರಿ?

ಹೇಳದೆ ನುಂಗಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. ಬಿಳಿ ಸೆರಗು, ಹೊಟ್ಟೆ ನೋವು, ಬೆನ್ನು ನೋವು ಎಂದು ಹೋದ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆಯೂ ಗರ್ಭಚೀಲ ತೆಗೆದ ಸಂಗತಿ 2015ರಲ್ಲಿ ಕಲಬುರಗಿಯಲ್ಲಿ ಬೆಳಕಿಗೆ ಬಂತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರು. ಅನೇಕರಿಗೆ 40 ಕೂಡ ದಾಟಿರಲಿಲ್ಲ. ತನಿಖೆ ನಡೆದು ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. 2017ರ ಫೆಬ್ರವರಿಯಲ್ಲಿ ಆ ಮಹಿಳೆಯರೇ ಕಲಬುರಗಿಗೆ ಬಂದು ನ್ಯಾಯ ಕೇಳಿ ಪ್ರತಿಭಟಿಸಿದರು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

ಗಡ್ಡೆ ದೊಡ್ಡದಾಗಿದ್ದರೆ, ಕ್ಯಾನ್ಸರ್ ಇದ್ದರೆ, ಔಷಧಿಗೂ ರಕ್ತಸ್ರಾವ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದರೆ ಬಿಳಿ ಸೆರಗು ಎಷ್ಟೋ ಸಲ ಸೋಂಕಿನಿಂದ ಬರುತ್ತದೆ. ಅದು ಮಾತ್ರೆಯಿಂದ ವಾಸಿಯಾಗುತ್ತದೆ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಎಲುಬು ಬೇಗ ಸವೆಯುತ್ತದೆ. ಹುಲ್ಲಿನ ಹೊರೆ ಹೊತ್ತು, ಸೆಗಣಿ ಬಾಚಿ ಬದುಕುವವರಿಗೆ ಇದು ಸಣ್ಣ ನಷ್ಟವಲ್ಲ.

ಮುಟ್ಟು ತಾನಾಗಿ ನಿಲ್ಲುವುದು ಕಾಯಿಲೆಯಲ್ಲ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇದು ಸಾಮಾನ್ಯವಾಗಿ 45ರಿಂದ 50ರ ನಡುವೆ ಆಗುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆಗೆಡುವುದು, ಮರೆವು, ಸಿಟ್ಟು ಶುರುವಾಗಬಹುದು. ನಸುಕಿನಲ್ಲೆದ್ದು ಹಾಲು ಕರೆಯುವವರಿಗೆ ನಿದ್ದೆಗೆಟ್ಟ ರಾತ್ರಿ ಎಂದರೇನು ಎಂದು ಬೇರೆ ಹೇಳಬೇಕಿಲ್ಲ. "ಕೈಲಾಗದವಳಾದೆ" ಎಂದು ನೀವೇ ನಿಮ್ಮನ್ನು ಹಳಿದುಕೊಳ್ಳಬೇಡಿ. ಬದಲಾಗುತ್ತಿರುವುದು ದೇಹ, ನಿಮ್ಮ ಕೆಲಸಗಾರಿಕೆ ಎಲ್ಲಿಗೂ ಹೋಗಿಲ್ಲ.

ಇನ್ನು ದುಡ್ಡಿನ ಮಾತು. ಮೇವು ಹಾಕುವವರು, ಹಾಲು ಕರೆಯುವವರು ನೀವು. ಸಂಘದ ಪುಸ್ತಕದಲ್ಲಿ ಹೆಸರು ಯಾರದು? ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ಹಾಲು ಹಾಕುವ ಸದಸ್ಯರ ಬ್ಯಾಂಕ್ ಖಾತೆಗೆ ಬರುತ್ತದೆ. ದಿನಕ್ಕೆ 4 ಲೀಟರ್ ಹಾಕಿದರೆ ತಿಂಗಳಿಗೆ 600 ರೂಪಾಯಿ. ಖಾತೆ ನಿಮ್ಮದಾದರೆ ಆಸ್ಪತ್ರೆಗೆ ಹೋಗಲು ಬಸ್ ಚಾರ್ಜಿಗೆ ಯಾರನ್ನೂ ಕೇಳಬೇಕಿಲ್ಲ. ಇನ್ನೊಬ್ಬ ವೈದ್ಯರಿಗೆ ತೋರಿಸೋಣ ಎಂದು ಹೇಳುವ ಧೈರ್ಯವೂ ಬರುತ್ತದೆ. ಸಂಘದ ಸಭೆಯಲ್ಲಿ ಕೈ ಎತ್ತುವ ಹಕ್ಕೂ ಸದಸ್ಯರಿಗೇ.

ಈ ತಿಂಗಳು ಇಷ್ಟು ಮಾಡಿ:

• ದನದ ಬೆದೆಯ ತಾರೀಖು ಬರೆಯುವ ಕ್ಯಾಲೆಂಡರಿನಲ್ಲೇ ನಿಮ್ಮ ಮುಟ್ಟಿನ ತಾರೀಖಿಗೂ ಒಂದು ಚುಕ್ಕೆ ಇಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.

• ಪೂರ್ತಿ ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

• ಮಾರುವ ಹಾಲಿನಲ್ಲಿ ಒಂದು ಲೋಟ ನಿಮಗೂ ಇರಲಿ. ಎಲುಬಿಗೆ ಅದು ಬೇಕು.

• ಗರ್ಭಚೀಲ ತೆಗೆಯಬೇಕು ಎಂದರೆ "ಯಾಕೆ? ಔಷಧಿಯಿಂದ ಆಗುವುದಿಲ್ಲವೇ? ಅಂಡಾಶಯ ಉಳಿಯುತ್ತದೆಯೇ?" ಎಂದು ಕೇಳಿ. ಸ್ಕ್ಯಾನಿಂಗ್ ವರದಿ ಕೈಗೆ ಪಡೆದು, ತಾಲ್ಲೂಕು ಆಸ್ಪತ್ರೆಯಲ್ಲೋ ಕಲಬುರಗಿಯ ಜಿಮ್ಸ್‌ನಲ್ಲೋ ಇನ್ನೊಬ್ಬ ವೈದ್ಯರಿಗೆ ತೋರಿಸಿ.

• ಸಂಘದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಸದಸ್ಯತ್ವದ ಅರ್ಜಿ ಕೊಡುವಂತೆ ಕಾರ್ಯದರ್ಶಿಯನ್ನು ಕೇಳಿ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆಯೂ ಆಗಲೇ ವಿಚಾರಿಸಿ.

ಇದನ್ನು ಓದಲು ಬಾರದ ಪಕ್ಕದ ಮನೆಯ ಅಕ್ಕನಿಗೆ, ಸಂಜೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಓದಿ ಹೇಳಿ. ಅವರೂ ಯಾರಿಗೂ ಹೇಳದೆ ನೋವು ತಾಳಿಕೊಂಡಿರಬಹುದು.