ಶನಿವಾರ ರಾತ್ರಿಯ ಆಟಗಾರರು

ಇವತ್ತು ನಿಮಗೆ ಒಂದು ನೂರು ಪುಟದ ನೋಟ್‌ಬುಕ್‌ ವಿಷಯ ಹೇಳಬೇಕು.

2025ರ ಯುಗಾದಿಗೆ ನಾನು ಯಳಂದೂರಿಗೆ ಹೋಗಿದ್ದೆ. ನಮ್ಮ ಸೀಮೆಯಲ್ಲಿ ಯುಗಾದಿಗೆ ಒಬ್ಬಟ್ಟು ಎಷ್ಟು ಮುಖ್ಯವೋ ಇಸ್ಪೀಟೂ ಅಷ್ಟೇ ಮುಖ್ಯ. ಪೊಲೀಸರು ಬೇಡ ಅಂತಾರೆ, ಕೇಸೂ ಹಾಕ್ತಾರೆ, ಆದರೂ ಹೊಂಗೆ ಮರದಡಿ ಚಾಪೆ ಬೀಳುತ್ತೆ. ಅವತ್ತೂ ಬಿದ್ದಿತ್ತು. ಸಂಬಂಧದಲ್ಲಿ ನನಗೆ ತಮ್ಮನಾಗಬೇಕಾದ ಒಬ್ಬ ಹುಡುಗ ಮಾತ್ರ ಜಗಲಿ ಮೇಲೆ ಮೊಬೈಲ್ ಹಿಡಿದು ಒಬ್ಬನೇ ಕೂತಿದ್ದ. ಯಾಕೋ, ಆಡಲ್ವಾ ಅಂದೆ. "ಆಡ್ತಾನೇ ಇವ್ನಿ ಕಣಣ್ಣ" ಅಂದ.

ಅವನು ಆಡುತ್ತಿದ್ದದ್ದು ಪೋಕರ್. ಒಂದು ರೂಪಾಯಿ–ಎರಡು ರೂಪಾಯಿ ಟೇಬಲ್, ಅಂದರೆ ತೀರಾ ಕೆಳಗಿನ ಮೆಟ್ಟಿಲು. ಇನ್ನೂರು ರೂಪಾಯಿ ಹಾಕಿ ಕೂರಬಹುದು. "ಮ್ಯಾಲಿನ ಟೇಬಲ್‌ಗ ಹೋಗಲ್ಲಣ್ಣ, ಅಲ್ಲಿ ಬುದ್ವಂತ್ರು ಇರ್ತಾರ. ಇಲ್ಲಿ ಬರೋರ್ಗ ಆಟನೇ ಬರಲ್ಲ" ಅಂತ ನಕ್ಕ.

ಈ ಮಾತಲ್ಲಿ ಸುಳ್ಳಿಲ್ಲ. ಆಟ ಹೇಗೆ ಅಂತ ಸ್ವಲ್ಪ ಹೇಳ್ತೀನಿ ಕೇಳಿ. ನಿಮ್ಮ ಕೈಗೆ ಎರಡು ಎಲೆ, ಅದು ನಿಮಗೆ ಮಾತ್ರ ಕಾಣುತ್ತೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಹಂತ ಹಂತವಾಗಿ ಬಿಚ್ಚುತ್ತಾರೆ. ಪ್ರತಿ ಹಂತದಲ್ಲೂ ದುಡ್ಡು ಕಟ್ಟಬೇಕು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಬಲ್ಲವನು ಹತ್ತರಲ್ಲಿ ಏಳೆಂಟು ಸಲ ಎಲೆ ಕೆಳಗಿಡುತ್ತಾನೆ. ಆಟ ಬಾರದವನಿಗೆ ಅದೇ ಆಗಲ್ಲ. "ನೋಡೇ ಬಿಡೋಣ" ಅನ್ನೋದೇ ಅವನ ಕಾಯಿಲೆ. ಅಂಥವನ ಮುಂದೆ ಸುಳ್ಳು ಪಣ ಕಟ್ಟಿ ಹೆದರಿಸೋಕೆ ಹೋದರೆ ನೀವೇ ಮೂರ್ಖರು, ಯಾಕಂದ್ರೆ ಅವನು ಹೆದರೋದೇ ಇಲ್ಲ. ಒಳ್ಳೆ ಎಲೆ ಬರೋವರೆಗೂ ಕಾಯಿರಿ, ಬಂದಾಗ ಜೋರಾಗಿ ಕಟ್ಟಿ, ಅವನೇ ಬಂದು ಕೊಟ್ಟು ಹೋಗ್ತಾನೆ. ನಮ್ಮ ಹುಡುಗನ ವಿದ್ಯೆ ಇಷ್ಟೇ.

ಇದು ಹೊಸ ವಿದ್ಯೆ ಅಂದುಕೊಂಡ್ರಾ? ಧರ್ಮರಾಯನಿಗೆ ಪಗಡೆ ಅಂದ್ರೆ ಪ್ರಾಣ, ಆದ್ರೆ ಆಡೋಕೆ ಬರಲ್ಲ ಅಂತ ಶಕುನಿ ದುರ್ಯೋಧನನ ಮುಂದೆ ಲೆಕ್ಕ ಒಪ್ಪಿಸ್ತಾನಲ್ಲ, ಅದು ಇದೇ ಲೆಕ್ಕ. ಧರ್ಮರಾಯ ಆಟದ ಮರ್ಮ ಕಲಿತಿದ್ದು ಕಾಡಿಗೆ ಹೋದಮೇಲೆ, ಬೃಹದಶ್ವ ಋಷಿಯಿಂದ. ರಾಜ್ಯ ಹೋದಮೇಲೆ ಟ್ಯೂಷನ್!

ಇರಲಿ. ಆದರೆ ದಡ್ಡರ ಜೊತೆ ಆಡಿದರೆ ಗೆದ್ದೇ ಗೆಲ್ತೀವಿ ಅನ್ನೋದು ಅರ್ಧ ಸತ್ಯ. ಎರಡು ಎಕ್ಕ ಕೈಗೆ ಬಂತು ಅಂತಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆ ಎಲೆ ಇಲ್ಲ, ಸರಾಸರಿ 221 ಕೈಗೆ ಒಂದು ಸಲ ಬರುತ್ತೆ. ಎದುರಿಗೆ ಒಬ್ಬನೇ ಇದ್ದು ಅವನ ಕೈಯಲ್ಲಿ ಯಾವುದೋ ಎಲೆ ಇದ್ದರೆ, ನೂರಕ್ಕೆ 85 ಸಲ ನೀವು ಗೆಲ್ತೀರಿ. "ನೋಡೇ ಬಿಡೋಣ" ಅಂತ ನಾಲ್ಕು ಜನ ಬಂದ್ರೋ, ಅದು 56ಕ್ಕೆ ಇಳಿಯುತ್ತೆ. ಗೆದ್ದಾಗ ದೊಡ್ಡ ಮೊತ್ತ ಬರುತ್ತೆ ನಿಜ, ಹೆಚ್ಚುಕಡಿಮೆ ಅರ್ಧ ಸಲ ಸೋಲ್ತೀರಿ ಅನ್ನೋದೂ ನಿಜ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಆ ತಾಳ್ಮೆ ಯಾರಿಗಿದೆ ಸ್ವಾಮಿ?

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಪ್ರತಿ ಕೈಯಲ್ಲೂ ನಡುವೆ ಬಿದ್ದ ದುಡ್ಡಲ್ಲಿ ಕಂಪನಿ ತನ್ನ ಪಾಲು ತೆಗೆಯುತ್ತೆ. ಮಾರುಕಟ್ಟೆಯಲ್ಲಿ ದಲ್ಲಾಳಿ ಇದ್ದಹಾಗೆ. ಬೆಳೆದವನು ಸೋಲಲಿ, ಕೊಂಡವನು ಸೋಲಲಿ, ಅವನ ಕಮಿಷನ್‌ಗೆ ಮೋಸ ಇಲ್ಲ. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಆರು ಜನ, ತಲಾ 200, ಒಟ್ಟು 1,200 ರೂಪಾಯಿ. ಒಂದೊಂದು ಕೈಗೆ ಸರಾಸರಿ 40 ರೂಪಾಯಿ ಸೇರುತ್ತೆ, ಅದರಲ್ಲಿ ಶೇಕಡಾ 5, ಅಂದರೆ 2 ರೂಪಾಯಿ ಕಂಪನಿಗೆ. ಗಂಟೆಗೆ 60 ಕೈ ಆದರೆ 120 ರೂಪಾಯಿ. ಹತ್ತು ಗಂಟೆಗೆ? 1,200! ಆರೂ ಜನ ತಂದ ಅಷ್ಟೂ ದುಡ್ಡು. ಯಾರೋ ಹೊಸದಾಗಿ ದುಡ್ಡು ತರದಿದ್ದರೆ ಟೇಬಲ್ ಮೇಲೆ ಏನೂ ಉಳಿಯಲ್ಲ. ಇದರ ಮೇಲೆ 2023ರ ಏಪ್ರಿಲ್‌ನಿಂದ ಗೆದ್ದದ್ದಕ್ಕೆ ಶೇಕಡಾ 30 ಟಿಡಿಎಸ್, ಅದೇ ಅಕ್ಟೋಬರ್‌ನಿಂದ ಹಾಕಿದ ದುಡ್ಡಿಗೇ ಶೇಕಡಾ 28 ಜಿಎಸ್‌ಟಿ ಇತ್ತು.

ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಒಳಗೆ ಹೋಗಿ ನೋಟ್‌ಬುಕ್ ತಂದ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ನಮ್ಮದು, ಲೆಕ್ಕ ಬರೆಯೋದರಲ್ಲಿ ನಾವು ಹಿಂದೆ ಬೀಳೋ ಪೈಕಿ ಅಲ್ಲ ಬಿಡಿ. ದಿನಾಂಕ, ಎಷ್ಟು ಗಂಟೆ, ಹಾಕಿದ್ದು, ತೆಗೆದದ್ದು, ಎಲ್ಲ ಅಚ್ಚುಕಟ್ಟು. ಒಂದು ವರ್ಷದ ರಾತ್ರಿ ನಿದ್ದೆಗೆ ಸಿಕ್ಕ ಲಾಭ ಗಂಟೆಗೆ ಹನ್ನೊಂದು ರೂಪಾಯಿ. ಕಬ್ಬಿನ ಗದ್ದೆ ಕೂಲಿ ಇದಕ್ಕಿಂತ ವಾಸಿ ಅಂತ ಅವನೇ ನಕ್ಕ.

ನಾನು ನಗುತ್ತಾ ಪುಟ ತಿರುಗಿಸಿದೆ. ಹಿಂಬದಿಯಲ್ಲಿ ಎದುರಾಳಿಗಳ ಪಟ್ಟಿ. ಆ್ಯಪ್‌ನಲ್ಲಿ ಅವರು ಇಟ್ಟುಕೊಂಡ ಹೆಸರು, ಪಕ್ಕದಲ್ಲಿ ಇವನ ಟಿಪ್ಪಣಿ. "ಎಲ್ಲಕ್ಕೂ ಬತ್ತಾನ." "ಸೋತ ಮ್ಯಾಲ ದುಪ್ಪಟ್ಟು ಹಾಕ್ತಾನ." ಐದಾರು ಹೆಸರಿನ ಮುಂದೆ ಒಂದೇ ಮಾತು: "ಶನಿವಾರ, 9ರ ಮೇಲೆ."

ಶನಿವಾರವೇ ಯಾಕೆ ಅಂತ ಕೇಳಿದೆ.

"ಬಟವಾಡೆ ಅಲ್ವಣ್ಣ" ಅಂದ.

ಅಷ್ಟು ಸಲೀಸಾಗಿ ಅಂದ. ಆಮೇಲೆ ಅವನೂ ಸುಮ್ಮನಾದ, ನಾನೂ ಸುಮ್ಮನಾದೆ. ಹೊಂಗೆ ಮರದ ಕೆಳಗೆ ಯಾರೋ ಒಬ್ಬ ಜಾಸ್ತಿ ಸೋತಿದ್ದ ಅನ್ನಿಸುತ್ತೆ, ದೊಡ್ಡವರೊಬ್ಬರು "ಸಾಕು ಏಳ್ಲಾ, ಮನ್ಗ ನಡಿ" ಅಂತ ಗದರುತ್ತಿದ್ದರು. ಮೊಬೈಲ್‌ನಲ್ಲಿ ಹಾಗೆ ಗದರೋಕೆ ಯಾರಿದ್ದಾರೆ? ಸೋತವನ ಮುಖವೇ ಕಾಣಲ್ಲ.

ನಮ್ಮ ಕೋರ್ಟುಗಳಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ನಡೆದ ವಾದ ಬೇರೆ. ಇದು ಕೌಶಲವೋ ಅದೃಷ್ಟವೋ? ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಪೋಕರ್ ಸಂಘದವರು ಹೋದಾಗ, ಕೌಶಲದ ಆಟಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೌಶಲ ಇದೆ, ನಾನೂ ಒಪ್ತೀನಿ. ನೋಟ್‌ಬುಕ್‌ನಲ್ಲೇ ಇದೆಯಲ್ಲ! ಆದರೆ ಆ ಕೌಶಲಕ್ಕೆ ಕೂಳು ಯಾರದು ಅಂತ ಯಾವ ವಕೀಲರೂ ಕೇಳಲಿಲ್ಲ ಅನ್ನೋದು ನನ್ನ ತಕರಾರು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಸಹಿ ಬಿದ್ದ ಕೇಂದ್ರದ ಹೊಸ ಕಾಯ್ದೆ ಈ ವಾದವನ್ನೇ ಪಕ್ಕಕ್ಕಿಟ್ಟಿತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟ ಬಂದ್. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಇದನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿಗೂ ಹೋದರು, ಅರ್ಜಿಗಳು ಆಮೇಲೆ ಸುಪ್ರೀಂ ಕೋರ್ಟ್ ಸೇರಿದವು. ದೊಡ್ಡ ಕಂಪನಿಗಳು ಟೇಬಲ್ ಎತ್ತಿದವು.

ಆ ವಾರವೇ ಹುಡುಗನ ಫೋನ್ ಬಂತು. ಉಳಿದಿದ್ದ ದುಡ್ಡು ಬ್ಯಾಂಕಿಗೆ ವಾಪಸ್ ಬಂದಿದೆಯಂತೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಯಾರೋ ಏಜೆಂಟ್ ಕರೀತಿದ್ದಾನೆ, ಪ್ರೈವೇಟ್ ಟೇಬಲ್, ಜಿಎಸ್‌ಟಿ ಇಲ್ಲ, ಟಿಡಿಎಸ್ ಇಲ್ಲ, ಯುಪಿಐನಲ್ಲಿ ದುಡ್ಡು ಹಾಕಿದರೆ ಸಾಕು. ಹೋಗ್ಲಾ ಅಣ್ಣ ಅಂತ.

ಆ ಟೇಬಲ್‌ನಲ್ಲಿ ಇನ್ನೈದು ಜನ ಯಾರು ಅಂತ ಕೇಳಿದೆ. ಗೊತ್ತಿಲ್ಲ ಅಂದ. ಮೂರು ಜನ ಒಂದೇ ರೂಮಲ್ಲಿ ಕೂತು ಒಬ್ಬರ ಎಲೆ ಒಬ್ಬರಿಗೆ ಹೇಳಿಕೊಂಡು ಆಡಿದರೆ ನಿನಗೆ ಹೆಂಗೆ ತಿಳಿಯುತ್ತೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಅಲ್ಲಿ ನಾನೇ ಶನಿವಾರದವ್ನು ಅಂತೀಯಣ್ಣ?"

ಹೂಂ ಕಣಪ್ಪ ಅಂದೆ. ವೀಕ್ಷಕರೇ, ನಿಮಗೂ ಅಂಥ ಮೆಸೇಜ್ ಬಂದಿರಬಹುದು. ದುಡ್ಡು ಹಾಕಬೇಡಿ. ಹಾಕಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಕೈಗೆ ಸಿಗದ ಹಾಗೆ ಖಾತೆಯಿಂದ ಖಾತೆಗೆ ಹೋಗಿಬಿಡುತ್ತೆ.