ಅಡ್ವೆಂಟಿಸ್ಟ್ ಗ್ರಂಥಗಳೂ ೧೮೪೪ನೆಯ ವರ್ಷವೂ

ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಥದ ಗ್ರಂಥಗಳನ್ನು ತಿಳಿಯಬೇಕಾದರೆ ಮೊದಲು ಒಂದು ಕಾಲಗಣನೆಯನ್ನು ತಿಳಿಯಬೇಕು. ೨೩೦೦ ದಿನಗಳ ತರುವಾಯ ಪವಿತ್ರಾಲಯವು ಶುದ್ಧಿಯಾಗುವುದೆಂದು ಬೈಬಲಿನ ದಾನಿಯೇಲನ ಗ್ರಂಥವು ಹೇಳುತ್ತದೆ. ಅಮೆರಿಕದ ಕೃಷಿಕನಾದ ವಿಲಿಯಂ ಮಿಲ್ಲರನು ದಿನವೆಂದರೆ ವರ್ಷವೆಂದೂ ಪವಿತ್ರಾಲಯವೆಂದರೆ ಭೂಮಿಯೆಂದೂ ಅರ್ಥಮಾಡಿ, ಕ್ರಿ.ಪೂ. ೪೫೭ರಿಂದ ಎಣಿಸಿ, ೧೮೪೩ರ ಸುಮಾರಿಗೆ ಕ್ರಿಸ್ತನು ಮರಳಿ ಬರುವನೆಂದು ಸಾರಿದನು. ಕ್ರಿಸ್ತಶಕದ ಆದಿಯಲ್ಲಿ ಶೂನ್ಯವರ್ಷವಿಲ್ಲದ ಕಾರಣ ಲೆಕ್ಕವನ್ನು ತಿದ್ದಿ, ಅನುಯಾಯಿಗಳು ೧೮೪೪ನೆಯ ಅಕ್ಟೋಬರ್ ೨೨ನ್ನು ಗೊತ್ತುಪಡಿಸಿದರು. ಆ ದಿನವು ಕಳೆಯಿತು, ಕ್ರಿಸ್ತನು ಬರಲಿಲ್ಲ.

ಮುಖ್ಯಾರ್ಥಕ್ಕೆ ಬಾಧೆಯೊದಗಿದಲ್ಲಿ ಅರ್ಥಾಂತರವನ್ನು ಆಶ್ರಯಿಸುವುದು ವ್ಯಾಖ್ಯಾನಕಾರರ ಪದ್ಧತಿ. ಹೈರಮ್ ಎಡ್ಸನ್ ಮೊದಲಾದವರು ಕಾಲವನ್ನು ಬಿಡದೆ ಸ್ಥಾನವನ್ನು ಬದಲಿಸಿದರು: ಶುದ್ಧಿಯಾಗತಕ್ಕುದು ಭೂಮಿಯಲ್ಲ, ಸ್ವರ್ಗದ ಪವಿತ್ರಾಲಯ, ಅಲ್ಲಿ ಕ್ರಿಸ್ತನು ತನ್ನ ಕೊನೆಯ ಯಾಜಕಕಾರ್ಯವನ್ನು ಆರಂಭಿಸಿದನು. ೧೮೪೯ರಲ್ಲಿ ತೀರಿಕೊಂಡ ಮಿಲ್ಲರನು ಇದನ್ನು ಒಪ್ಪಲಿಲ್ಲ. ಒಪ್ಪಿದವರು ೧೮೬೩ರಲ್ಲಿ ಸಂಘವನ್ನು ಕಟ್ಟಿದರು.

ಈ ಸಂಘದ ಎಲೆನ್ ವೈಟ್ ಎಂಬ ಲೇಖಕಿಯು ೧೮೮೮ರ ‘ದಿ ಗ್ರೇಟ್ ಕಾಂಟ್ರವರ್ಸಿ’ಯಲ್ಲಿ ಆ ನಿರಾಶೆಯನ್ನು ಕ್ರೈಸ್ತಸಭೆಯ ಚರಿತ್ರೆಯೊಳಗೇ ಸೇರಿಸಿ ವಿವರಿಸಿದಳು. ಆಕೆಯ ೧೮೯೨ರ ‘ಸ್ಟೆಪ್ಸ್ ಟು ಕ್ರೈಸ್ಟ್’ ಎಂಬ ಕಿರುಗ್ರಂಥದಲ್ಲಾದರೋ ಕಾಲಗಣನೆಯ ವಿಚಾರವಿಲ್ಲ. ಪಶ್ಚಾತ್ತಾಪ, ವಿಶ್ವಾಸ, ಪ್ರಾರ್ಥನೆಗಳೇ ಅದರ ವಿಷಯ. ಮೊದಲನೆಯದು ಕಳೆದ ದಿನಕ್ಕೆ ಅರ್ಥವನ್ನು ಹೇಳುತ್ತದೆ. ಎರಡನೆಯದು, ದಿನವನ್ನು ಗೊತ್ತುಮಾಡದೆ ಕಾಯುವವನು ಹೇಗೆ ಬಾಳತಕ್ಕುದೆಂಬುದನ್ನು.