ಬಸಿದ ಮೊಸರು

ಬಸಿದ ಮೊಸರು ಎಂದರೆ ಹೆಪ್ಪುಗಟ್ಟಿದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಅಥವಾ ಯಂತ್ರದ ಮೂಲಕ ಸೋಸಿ, ಅದರಲ್ಲಿನ ಹಾಲೊಡಕನ್ನು (ಮೊಸರಿನ ತಿಳಿನೀರು) ತೆಗೆದಾಗ ಉಳಿಯುವ ಗಟ್ಟಿಯಾದ, ನುಣುಪಾದ ಹಾಲಿನ ಉತ್ಪನ್ನ. ಗ್ರೀಸ್, ತುರ್ಕಿ, ಲೆಬನಾನ್, ಇರಾನ್, ಅಫ್ಘಾನಿಸ್ತಾನ ಮತ್ತು ಭಾರತದ ಅಡುಗೆಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇದು ‘ಗ್ರೀಕ್ ಯೋಗರ್ಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಸಕ್ಕರೆ ಬೆರೆಸದ ಬಸಿದ ಮೊಸರಿನಲ್ಲಿ ಪ್ರೋಟೀನ್ ಹೆಚ್ಚಾಗಿಯೂ ಕಾರ್ಬೋಹೈಡ್ರೇಟ್ ಕಡಿಮೆಯಾಗಿಯೂ ಇರುವುದರಿಂದ, ಸಕ್ಕರೆ ಮತ್ತು ಪಿಷ್ಟವನ್ನು ಮಿತಗೊಳಿಸುವ ಆಹಾರಕ್ರಮಗಳಲ್ಲಿ ಇದನ್ನು ಊಟದ ಕೊನೆಯ ಸಿಹಿತಿನಿಸಾಗಿ ಬಳಸಲಾಗುತ್ತದೆ.

ಹೆಸರುಗಳು

ಗ್ರೀಸ್‌ನಲ್ಲಿ ಇದನ್ನು ‘ಸ್ತ್ರಾಗಿಸ್ತೋ’ ಎನ್ನುತ್ತಾರೆ. ಈ ಪದಕ್ಕೆ ‘ಸೋಸಿದ್ದು’ ಎಂದೇ ಅರ್ಥ. ಆ ದೇಶದಲ್ಲಿ ಕುರಿಯ ಹಾಲಿನಿಂದ ಮಾಡಿ, ಮೇಲೆ ಕೆನೆಪದರ ಕಟ್ಟಿದ, ಸೋಸದ ಮೊಸರೂ ಜನಪ್ರಿಯವಾಗಿದೆ. ಹೀಗಾಗಿ ಗ್ರೀಸ್‌ನಲ್ಲಿ ದೊರೆಯುವ ಮೊಸರೆಲ್ಲವೂ ಬಸಿದ ಮೊಸರಲ್ಲ. ತುರ್ಕಿಯಲ್ಲಿ ಇದಕ್ಕೆ ‘ಸುಜ್ಮೆ’ ಎಂದೂ, ಲೆಬನಾನ್ ಮತ್ತು ಸಿರಿಯಾದಲ್ಲಿ ‘ಲಬ್ನೆ’ ಎಂದೂ ಹೆಸರು. ಮಹಾರಾಷ್ಟ್ರ, ಗುಜರಾತ್ ಹಾಗೂ ಉತ್ತರ ಕರ್ನಾಟಕದಲ್ಲಿ ಶ್ರೀಖಂಡಕ್ಕಾಗಿ ಬಸಿದ ಮೊಸರನ್ನು ‘ಚಕ್ಕಾ’ ಎನ್ನಲಾಗುತ್ತದೆ. ಭಾರತದ ನಗರಗಳ ಅಡುಗೆ ಬರಹಗಳಲ್ಲಿ ‘ಹಂಗ್ ಕರ್ಡ್’ ಎಂಬ ಪದವೂ ರೂಢಿಯಲ್ಲಿದೆ.

ಐಸ್‌ಲ್ಯಾಂಡಿನ ‘ಸ್ಕಿರ್’ ರುಚಿಯಲ್ಲಿಯೂ ಬಳಕೆಯಲ್ಲಿಯೂ ಬಸಿದ ಮೊಸರನ್ನು ಹೋಲುತ್ತದೆ. ಆದರೆ ಅದನ್ನು ಕೆನೆ ತೆಗೆದ ಹಾಲಿನಿಂದ, ಸಾಂಪ್ರದಾಯಿಕವಾಗಿ ಸ್ವಲ್ಪ ರೆನೆಟ್ ಎಂಬ ಕಿಣ್ವವನ್ನೂ ಸೇರಿಸಿ ತಯಾರಿಸುವುದರಿಂದ, ಅದನ್ನು ತಾಜಾ ಗಿಣ್ಣಿನ ವರ್ಗಕ್ಕೆ ಸೇರಿಸುವುದುಂಟು.

ಇತಿಹಾಸ

ಶೈತ್ಯೀಕರಣವಿಲ್ಲದ ಕಾಲದಲ್ಲಿ ಮೊಸರಿನ ನೀರನ್ನು ಬಸಿಯುವುದು ಅದನ್ನು ಹೆಚ್ಚು ದಿನ ಉಳಿಸಿಕೊಳ್ಳುವ ಉಪಾಯವಾಗಿತ್ತು. ನೀರು ಇಳಿದಂತೆ ಮೊಸರಿನ ಗಾತ್ರ ತಗ್ಗುತ್ತಿದ್ದುದರಿಂದ ಸಾಗಿಸುವುದೂ ಸುಲಭವಾಗುತ್ತಿತ್ತು. ಮೊಸರನ್ನು ಹೆಪ್ಪುಗಟ್ಟಿಸುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದನ್ನು ಬಲ್ಗೇರಿಯಾದ ವಿಜ್ಞಾನಿ ಸ್ತಾಮೆನ್ ಗ್ರಿಗೊರೊವ್ 1905ರಲ್ಲಿ ಗುರುತಿಸಿದರು. ‘ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್’ ಎಂಬ ಅದರ ಹೆಸರು ಆ ದೇಶವನ್ನೇ ಸೂಚಿಸುತ್ತದೆ.

ಅಥೆನ್ಸ್ ನಗರದಲ್ಲಿ 1926ರಲ್ಲಿ ಹಾಲಿನ ಅಂಗಡಿಯಾಗಿ ಆರಂಭವಾದ ‘ಫಾಗೆ’ ಸಂಸ್ಥೆಯು ಮುಂದೆ ಬಸಿದ ಮೊಸರನ್ನು ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಗಳಿಗೆ ಕೊಂಡೊಯ್ದಿತು. ತುರ್ಕಿ ಮೂಲದ ಹಮ್ದಿ ಉಲುಕಾಯಾ ಅಮೆರಿಕದಲ್ಲಿ 2005ರಲ್ಲಿ ಸ್ಥಾಪಿಸಿದ ‘ಚೊಬಾನಿ’ ಸಂಸ್ಥೆಯ ಮೊಸರು 2007ರಲ್ಲಿ ಮಾರಾಟಕ್ಕೆ ಬಂದ ಬಳಿಕ ಅಲ್ಲಿ ಇದರ ಬಳಕೆ ವೇಗವಾಗಿ ಹೆಚ್ಚಿತು. ಅಮೆರಿಕದಲ್ಲಿ ತಯಾರಾದ ಮೊಸರನ್ನು ಬ್ರಿಟನ್ನಿನಲ್ಲಿ ‘ಗ್ರೀಕ್ ಯೋಗರ್ಟ್’ ಎಂದು ಮಾರಬಹುದೇ ಎಂಬ ವಿಷಯದಲ್ಲಿ ಈ ಎರಡು ಸಂಸ್ಥೆಗಳ ನಡುವೆ ವ್ಯಾಜ್ಯ ನಡೆಯಿತು. 2013ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಫಾಗೆಯ ಪರವಾಗಿ ತೀರ್ಪು ನೀಡಿತು. 2014ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ತಯಾರಿಕೆ

ಮನೆಯಲ್ಲಿ ತಯಾರಿಸಲು ಹುಳಿಯಾಗದ ತಾಜಾ ಗಟ್ಟಿ ಮೊಸರನ್ನು ತೆಳುವಾದ ಹತ್ತಿಬಟ್ಟೆಗೆ ಸುರಿದು, ಗಂಟು ಕಟ್ಟಿ, ತೂಗುಹಾಕುತ್ತಾರೆ; ಇಲ್ಲವೇ ಪಾತ್ರೆಯ ಮೇಲಿರಿಸಿದ ಜರಡಿಯಲ್ಲಿಡುತ್ತಾರೆ. ಎರಡು ಮೂರು ಗಂಟೆಗಳಲ್ಲಿ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾದ ಮೊಸರು ದೊರೆಯುತ್ತದೆ. ರಾತ್ರಿಯಿಡೀ ಬಸಿದರೆ ಮೆದು ಗಿಣ್ಣಿನ ಹದಕ್ಕೆ ಬರುತ್ತದೆ. ಬೆಚ್ಚನೆಯ ಜಾಗದಲ್ಲಿ ಬಸಿದರೆ ಬ್ಯಾಕ್ಟೀರಿಯಾಗಳ ಕ್ರಿಯೆ ಮುಂದುವರಿದು ಹುಳಿ ಹೆಚ್ಚುತ್ತದೆ. ಆದ್ದರಿಂದ ಸಿಹಿತಿನಿಸಿಗೆ ಬಳಸುವ ಮೊಸರನ್ನು ಫ್ರಿಜ್‌ನಲ್ಲಿಟ್ಟು ಬಸಿಯುವುದು ಸೂಕ್ತ.

ಕಾರ್ಖಾನೆಗಳಲ್ಲಿ ಹಾಲೊಡಕನ್ನು ಬೇರ್ಪಡಿಸಲು ವೇಗವಾಗಿ ತಿರುಗುವ ಯಂತ್ರಗಳನ್ನು ಅಥವಾ ಅತಿಸೂಕ್ಷ್ಮ ರಂಧ್ರಗಳುಳ್ಳ ಪೊರೆಗಳನ್ನು ಬಳಸಲಾಗುತ್ತದೆ. ಒಂದು ಕಿಲೋಗ್ರಾಂ ಬಸಿದ ಮೊಸರಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಕಿಲೋಗ್ರಾಂ ಹಾಲು ಬೇಕಾಗುತ್ತದೆ. ಸಾಮಾನ್ಯ ಮೊಸರಿಗಿಂತ ಇದರ ಬೆಲೆ ಹೆಚ್ಚಿರಲು ಇದು ಮುಖ್ಯ ಕಾರಣ.

ಕಾರ್ಬೋಹೈಡ್ರೇಟ್ ಕಡಿಮೆ ಇರಲು ಕಾರಣ

ಹಾಲಿನಲ್ಲಿರುವ ಕಾರ್ಬೋಹೈಡ್ರೇಟ್ ಬಹುಪಾಲು ಲ್ಯಾಕ್ಟೋಸ್ ಎಂಬ ಸಕ್ಕರೆ. ಹಸುವಿನ ಹಾಲಿನ 100 ಗ್ರಾಂನಲ್ಲಿ ಇದು 5 ಗ್ರಾಂಗೆ ಸಮೀಪವಿರುತ್ತದೆ. ಹಾಲು ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಇದರ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಮೊಸರಿನ ಹುಳಿಗೆ ಇದೇ ಕಾರಣ. ಉಳಿದ ಲ್ಯಾಕ್ಟೋಸ್ ನೀರಿನಲ್ಲಿ ಕರಗಿರುತ್ತದೆ. ಆದ್ದರಿಂದ ಹಾಲೊಡಕು ಬಸಿದುಹೋದಾಗ ಅದರೊಂದಿಗೆ ಲ್ಯಾಕ್ಟೋಸ್‌ನ ಗಣನೀಯ ಭಾಗವೂ ಹೊರಹೋಗುತ್ತದೆ. ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಮತ್ತು ಕೊಬ್ಬು ಜಾಲದಂತೆ ಹೆಣೆದುಕೊಂಡು ಬಟ್ಟೆಯಲ್ಲೇ ಉಳಿಯುತ್ತವೆ.

ಬಸಿಯುವುದರಿಂದ ಮೊಸರಿನ ಸಕ್ಕರೆಯೆಲ್ಲ ಹೋಗಿಬಿಡುತ್ತದೆ ಎಂಬ ಭಾವನೆ ಸರಿಯಲ್ಲ. ಬಟ್ಟೆಯಲ್ಲಿ ಉಳಿದ ಮೊಸರಿನಲ್ಲಿಯೂ ನೀರಿನ ಪಾಲೇ ಹೆಚ್ಚು. ಆ ನೀರಿನಲ್ಲಿ ಲ್ಯಾಕ್ಟೋಸ್ ಮೊದಲಿನ ಸಾಂದ್ರತೆಯಲ್ಲಿಯೇ ಇರುತ್ತದೆ. ಹೀಗಾಗಿ ತೂಕಕ್ಕೆ ತೂಕ ಹೋಲಿಸಿದರೆ ಕಾರ್ಬೋಹೈಡ್ರೇಟ್‌ನ ಇಳಿಕೆ ಅಲ್ಪವೇ. ಬಸಿದ ಮೊಸರಿನ ನಿಜವಾದ ವೈಶಿಷ್ಟ್ಯ ಅದರ ಗಟ್ಟಿತನದ ಮೂಲದಲ್ಲಿದೆ. ಪಾಯಸಕ್ಕೆ ಅಕ್ಕಿ ಅಥವಾ ಶಾವಿಗೆ, ಕಸ್ಟರ್ಡ್‌ಗೆ ಜೋಳದ ಪಿಷ್ಟ, ಐಸ್‌ಕ್ರೀಮಿಗೆ ಸಕ್ಕರೆ ಮೈಕಟ್ಟು ನೀಡುತ್ತವೆ. ಬಸಿದ ಮೊಸರಿಗಾದರೋ ಏನನ್ನೂ ಸೇರಿಸದೆ, ಕೇವಲ ನೀರನ್ನು ತೆಗೆಯುವುದರಿಂದಲೇ ಸಿಹಿತಿನಿಸಿನ ದಪ್ಪ ಮತ್ತು ನುಣುಪು ದೊರೆಯುತ್ತದೆ.

ಪೋಷಕಾಂಶಗಳು

ಪ್ರಮಾಣಗಳು ಹಾಲಿನ ಬಗೆ ಮತ್ತು ಬಸಿದ ಅವಧಿಯನ್ನು ಅವಲಂಬಿಸಿ ಬದಲಾಗುತ್ತವೆ. ಸಕ್ಕರೆ ಬೆರೆಸದ 100 ಗ್ರಾಂ ಮೊಸರಿನಲ್ಲಿರುವ ಅಂದಾಜು ಪ್ರಮಾಣಗಳು ಹೀಗಿವೆ:

- ಕೆನೆಸಹಿತ ಹಾಲಿನ ಸಾಮಾನ್ಯ ಮೊಸರು: ಪ್ರೋಟೀನ್ 3.5 ಗ್ರಾಂ, ಕೊಬ್ಬು 3.3 ಗ್ರಾಂ, ಕಾರ್ಬೋಹೈಡ್ರೇಟ್ 4.7 ಗ್ರಾಂ
- ಕೆನೆಸಹಿತ ಹಾಲಿನ ಬಸಿದ ಮೊಸರು: ಪ್ರೋಟೀನ್ 9 ಗ್ರಾಂ, ಕೊಬ್ಬು 5 ಗ್ರಾಂ, ಕಾರ್ಬೋಹೈಡ್ರೇಟ್ 4 ಗ್ರಾಂ
- ಕೆನೆ ತೆಗೆದ ಹಾಲಿನ ಬಸಿದ ಮೊಸರು: ಪ್ರೋಟೀನ್ 10 ಗ್ರಾಂ, ಕೊಬ್ಬು 0.4 ಗ್ರಾಂ, ಕಾರ್ಬೋಹೈಡ್ರೇಟ್ 3.6 ಗ್ರಾಂ

ಇದಕ್ಕೆ ಹೋಲಿಸಿದರೆ 100 ಗ್ರಾಂ ವೆನಿಲಾ ಐಸ್‌ಕ್ರೀಮಿನಲ್ಲಿ ಸುಮಾರು 24 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಪೋಷಕಾಂಶಗಳ ಹಲವು ಪಟ್ಟಿಗಳಲ್ಲಿ ಕಾರ್ಬೋಹೈಡ್ರೇಟನ್ನು ನೇರವಾಗಿ ಅಳೆಯದೆ, ನೀರು, ಪ್ರೋಟೀನ್, ಕೊಬ್ಬು ಮತ್ತು ಬೂದಿಯ ಅಂಶಗಳನ್ನು ಕಳೆದು ಉಳಿದದ್ದನ್ನು ನಮೂದಿಸುತ್ತಾರೆ. ಇದರಿಂದ ಲ್ಯಾಕ್ಟಿಕ್ ಆಮ್ಲವೂ ಕಾರ್ಬೋಹೈಡ್ರೇಟ್‌ನ ಲೆಕ್ಕಕ್ಕೆ ಸೇರುತ್ತದೆ. ಮೊಸರಿನಲ್ಲಿರುವ ಸಕ್ಕರೆ ಪಟ್ಟಿಯಲ್ಲಿ ಕಾಣುವುದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಬಸಿಯುವುದರಿಂದ ನಷ್ಟವೂ ಇದೆ. ಹುಳಿಯಾದ ಮೊಸರಿನಲ್ಲಿ ಕ್ಯಾಲ್ಸಿಯಂ ನೀರಿನಲ್ಲಿ ಕರಗಿರುವುದರಿಂದ ಅದರ ಗಣನೀಯ ಭಾಗ ಹಾಲೊಡಕಿನೊಂದಿಗೆ ಹರಿದುಹೋಗುತ್ತದೆ. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳ ಒಂದು ಭಾಗವೂ ಹಾಗೆಯೇ ನಷ್ಟವಾಗುತ್ತದೆ.

ಸಿಹಿತಿನಿಸಾಗಿ ಬಳಕೆ

ಗ್ರೀಸ್‌ನಲ್ಲಿ ಬಸಿದ ಮೊಸರಿನ ಮೇಲೆ ಜೇನುತುಪ್ಪ ಸುರಿದು, ಅಕ್ರೋಟು ಉದುರಿಸಿ ಬಡಿಸುವುದು ಪ್ರಸಿದ್ಧ ಪದ್ಧತಿ. ಸಕ್ಕರೆಪಾಕದಲ್ಲಿ ಬೇಯಿಸಿದ ಹಣ್ಣುಗಳನ್ನು, ಅಂದರೆ ಅಲ್ಲಿ ‘ಚಮಚದ ಸಿಹಿ’ ಎಂದು ಕರೆಯುವ ಪದಾರ್ಥವನ್ನು, ಇದರೊಂದಿಗೆ ಕೊಡುವುದೂ ಉಂಟು. ಐಸ್‌ಲ್ಯಾಂಡಿನಲ್ಲಿ ಸ್ಕಿರ್ ಅನ್ನು ಕೆನೆ, ಸಕ್ಕರೆ ಮತ್ತು ಕಾಡುಹಣ್ಣುಗಳೊಂದಿಗೆ ತಿನ್ನುತ್ತಾರೆ. ಈ ಸಾಂಪ್ರದಾಯಿಕ ರೂಪಗಳು ಕಡಿಮೆ ಕಾರ್ಬೋಹೈಡ್ರೇಟಿನ ತಿನಿಸುಗಳಲ್ಲ. ಮೊಸರಿನಲ್ಲಿ ಇಲ್ಲದ ಸಿಹಿಯನ್ನು ಜೇನುತುಪ್ಪ ಮತ್ತು ಸಕ್ಕರೆ ತಂದುಕೊಡುತ್ತವೆ.

ಕಡಿಮೆ ಕಾರ್ಬೋಹೈಡ್ರೇಟ್ ಆಹಾರಕ್ರಮಕ್ಕೆ ಎಲ್ಲರೂ ಒಪ್ಪುವ ಒಂದೇ ವ್ಯಾಖ್ಯೆಯಿಲ್ಲ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಎಂಬ ಮಿತಿ ಹೆಚ್ಚು ಬಳಕೆಯಲ್ಲಿದೆ. ಕೀಟೋಜೆನಿಕ್ ಆಹಾರಕ್ರಮದಲ್ಲಿ ಈ ಮಿತಿ ಸಾಮಾನ್ಯವಾಗಿ 20ರಿಂದ 50 ಗ್ರಾಂ ಆಗಿರುತ್ತದೆ. ಕೆನೆಸಹಿತ ಹಾಲಿನ ಬಸಿದ ಮೊಸರಿನ 150 ಗ್ರಾಂ ಬಟ್ಟಲಿನಲ್ಲಿ ಸುಮಾರು 6 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದಕ್ಕೆ ಸೇರಿಸುವ ಪದಾರ್ಥಗಳಿಂದ ಹೆಚ್ಚುವ ಅಂದಾಜು ಪ್ರಮಾಣ ಹೀಗಿದೆ:

- ಅಕ್ರೋಟು, 15 ಗ್ರಾಂ: 2 ಗ್ರಾಂ (ಇದರಲ್ಲಿ ಅರ್ಧದಷ್ಟು ನಾರು)
- ಸ್ಟ್ರಾಬೆರಿ, 50 ಗ್ರಾಂ: 4 ಗ್ರಾಂ (1 ಗ್ರಾಂ ನಾರು ಸೇರಿ)
- ಸಕ್ಕರೆ, ಒಂದು ಟೀ ಚಮಚ: 4 ಗ್ರಾಂ
- ಮಾವಿನಹಣ್ಣು, 50 ಗ್ರಾಂ: 7.5 ಗ್ರಾಂ
- ಜೇನುತುಪ್ಪ, ಒಂದು ಊಟದ ಚಮಚ: 17 ಗ್ರಾಂ

ಒಂದು ದೊಡ್ಡ ಚಮಚ ಜೇನುತುಪ್ಪದಿಂದ ಬಟ್ಟಲಿನ ಕಾರ್ಬೋಹೈಡ್ರೇಟ್ 6 ಗ್ರಾಂನಿಂದ 23 ಗ್ರಾಂಗೆ, ಎಂದರೆ ಸುಮಾರು ನಾಲ್ಕು ಪಟ್ಟಿಗೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಜೇನುತುಪ್ಪವನ್ನೂ ಸಕ್ಕರೆಯಂತೆಯೇ ಮಿತಗೊಳಿಸಬೇಕಾದ ‘ಮುಕ್ತ ಸಕ್ಕರೆ’ಗಳಲ್ಲಿ ಸೇರಿಸಿದೆ, ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್ ಈ ಗುಂಪಿಗೆ ಸೇರುವುದಿಲ್ಲ.

ಸಕ್ಕರೆಯಿಲ್ಲದೆ ಸಿಹಿಯ ಅನುಭವ ನೀಡಲು ಕೆಲವು ಕ್ರಮಗಳು ರೂಢಿಯಲ್ಲಿವೆ. ಕೊಬ್ಬು ಹುಳಿಯ ತೀಕ್ಷ್ಣತೆಯನ್ನು ತಗ್ಗಿಸುವುದರಿಂದ ಕೆನೆಸಹಿತ ಹಾಲಿನ ಮೊಸರು ಮೃದುವಾಗಿ ರುಚಿಸುತ್ತದೆ. ಏಲಕ್ಕಿ, ದಾಲ್ಚಿನ್ನಿ, ಜಾಯಿಕಾಯಿ, ವೆನಿಲಾ ಇವುಗಳ ಪರಿಮಳ ಸಿಹಿತಿನಿಸನ್ನು ನೆನಪಿಸುತ್ತದೆ. ಹುರಿದ ಬಾದಾಮಿ, ಪಿಸ್ತಾ ಅಥವಾ ಕೊಬ್ಬರಿ ತುರಿ ಕಡಿಯಲು ಗರಿಗರಿಯಾದ ಅಂಶವನ್ನು ಒದಗಿಸುತ್ತದೆ. ಸಕ್ಕರೆಯಿಲ್ಲದ ಕೋಕೋ ಪುಡಿಯನ್ನು ಬೆರೆಸಿ ಕಡೆದರೆ ಚಾಕೊಲೇಟಿನ ರುಚಿ ಬರುತ್ತದೆ. ಸ್ಟೀವಿಯಾದಂತಹ ಸಕ್ಕರೆರಹಿತ ಸಿಹಿಕಾರಕಗಳನ್ನೂ ಬಳಸುವುದುಂಟು. ಆದರೆ ದೇಹತೂಕದ ನಿಯಂತ್ರಣಕ್ಕಾಗಿ ಇಂತಹ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ಶ್ರೀಖಂಡದೊಂದಿಗೆ ಹೋಲಿಕೆ

ಬೆಳಗಾವಿ, ಧಾರವಾಡ ಮೊದಲಾದ ಕಡೆಗಳಲ್ಲಿ ಹಬ್ಬದ ಊಟದಲ್ಲಿ ಪೂರಿಯೊಂದಿಗೆ ಬಡಿಸುವ ಶ್ರೀಖಂಡದ ಮೂಲವಸ್ತುವೂ ಬಸಿದ ಮೊಸರೇ. ಚಕ್ಕಾಕ್ಕೆ ಸಕ್ಕರೆ ಬೆರೆಸಿ, ಬಟ್ಟೆಯಲ್ಲಿ ಅಥವಾ ಜರಡಿಯಲ್ಲಿ ತಿಕ್ಕಿ ನಯಗೊಳಿಸಿ, ಏಲಕ್ಕಿ, ಕೇಸರಿ, ಚಾರೋಳಿಗಳನ್ನು ಸೇರಿಸಿ ಇದನ್ನು ತಯಾರಿಸುತ್ತಾರೆ. ಭಾರತದ ಆಹಾರ ಮಾನದಂಡಗಳ ಪ್ರಕಾರ ಶ್ರೀಖಂಡದಲ್ಲಿ ಘನಾಂಶ ಕನಿಷ್ಠ ಶೇ. 58ರಷ್ಟಿರಬೇಕು, ಆ ಘನಾಂಶದಲ್ಲಿ ಸಕ್ಕರೆ ಶೇ. 72.5ರವರೆಗೆ ಇರಬಹುದು. ಈ ಲೆಕ್ಕದಲ್ಲಿ 100 ಗ್ರಾಂ ಶ್ರೀಖಂಡದಲ್ಲಿ ಸುಮಾರು 42 ಗ್ರಾಂವರೆಗೆ ಸಕ್ಕರೆ ಇರಲು ಅವಕಾಶವಿದೆ. ಅದೇ ಚಕ್ಕಾವನ್ನು ಸಕ್ಕರೆಯಿಲ್ಲದೆ, ಏಲಕ್ಕಿ, ಕೇಸರಿ ಮತ್ತು ಪಿಸ್ತಾದೊಂದಿಗೆ ಕಡೆದರೆ ಶ್ರೀಖಂಡದ ಪರಿಮಳವಿರುವ, ಆದರೆ ಕಾರ್ಬೋಹೈಡ್ರೇಟ್ ಕಡಿಮೆಯಿರುವ ತಿನಿಸು ಸಿದ್ಧವಾಗುತ್ತದೆ. ಅದು ಶ್ರೀಖಂಡದಷ್ಟು ಸಿಹಿಯಾಗಿರುವುದಿಲ್ಲ.

ಲೇಬಲ್‌ಗಳ ವ್ಯತ್ಯಾಸ

‘ಗ್ರೀಕ್ ಶೈಲಿಯ’ ಎಂದು ಮಾರಲಾಗುವ ಎಲ್ಲ ಮೊಸರುಗಳೂ ಬಸಿದವಲ್ಲ. ಕೆಲವನ್ನು ಹಾಲಿನಪುಡಿ, ಪಿಷ್ಟ, ಜೆಲಾಟಿನ್ ಅಥವಾ ಪೆಕ್ಟಿನ್ ಸೇರಿಸಿ ಗಟ್ಟಿಗೊಳಿಸಿರುತ್ತಾರೆ. ಹಾಲಿನಪುಡಿಯಲ್ಲಿ ಲ್ಯಾಕ್ಟೋಸ್ ಹೆಚ್ಚಿರುವುದರಿಂದ ಇಂತಹ ಮೊಸರಿನಲ್ಲಿ ಕಾರ್ಬೋಹೈಡ್ರೇಟ್ ಸಾಮಾನ್ಯ ಮೊಸರಿಗಿಂತಲೂ ಅಧಿಕವಾಗಿರಬಹುದು. ಹಣ್ಣಿನ ರುಚಿಯ ಬಗೆಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಬೆರೆತಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪಿನ ಬ್ಯಾಕ್ಟೀರಿಯಾಗಳು ಮಾತ್ರ ಇದ್ದು, ಪ್ರೋಟೀನಿನ ಪ್ರಮಾಣ ಕಾರ್ಬೋಹೈಡ್ರೇಟ್‌ಗಿಂತ ಸುಮಾರು ಎರಡು ಪಟ್ಟು ಇದ್ದರೆ, ಅದು ಬಸಿದ ಮೊಸರೆಂದು ಸಾಮಾನ್ಯವಾಗಿ ತಿಳಿಯಬಹುದು.

ಆರೋಗ್ಯ ಮತ್ತು ಎಚ್ಚರಿಕೆಗಳು

ವಾರಕ್ಕೆ ಕನಿಷ್ಠ ಎರಡು ಕಪ್ ಮೊಸರು ಸೇವಿಸುವುದರಿಂದ ಎರಡನೇ ಬಗೆಯ ಮಧುಮೇಹದ ಅಪಾಯ ಕಡಿಮೆಯಾಗಬಹುದು ಎಂಬ ಹೇಳಿಕೆಯನ್ನು ಲೇಬಲ್‌ಗಳಲ್ಲಿ ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಮಾರ್ಚ್‌ನಲ್ಲಿ ಅವಕಾಶ ನೀಡಿತು. ಇದಕ್ಕಿರುವ ವೈಜ್ಞಾನಿಕ ಪುರಾವೆ ಸೀಮಿತವಾದುದೆಂದು ಆ ಹೇಳಿಕೆಯಲ್ಲಿಯೇ ತಿಳಿಸಬೇಕೆಂಬ ಷರತ್ತೂ ಇದೆ. ಇದು ರೋಗ ಬರುವ ಅಪಾಯಕ್ಕೆ ಸಂಬಂಧಿಸಿದ ಮಾತೇ ಹೊರತು ಚಿಕಿತ್ಸೆಗೆ ಸಂಬಂಧಿಸಿದ್ದಲ್ಲ.

ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಆಹಾರದ ಕಾರ್ಬೋಹೈಡ್ರೇಟನ್ನು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಇಂತಹ ಬದಲಾವಣೆಗೆ ಮೊದಲು ವೈದ್ಯರ ಸಲಹೆ ಅಗತ್ಯ. ಮೂತ್ರಪಿಂಡದ ಕಾಯಿಲೆಯಿಂದಾಗಿ ಪ್ರೋಟೀನ್ ಮಿತಿ ಪಾಲಿಸುವವರಿಗೂ ಇದು ಅನ್ವಯಿಸುತ್ತದೆ. ಲ್ಯಾಕ್ಟೋಸ್ ಜೀರ್ಣಿಸಿಕೊಳ್ಳಲು ಕಷ್ಟವಿರುವ ಹಲವರಿಗೆ ಹಾಲಿಗಿಂತ ಮೊಸರು ಸುಲಭವಾಗಿ ಒಗ್ಗುತ್ತದೆ, ಆದರೆ ಬಸಿದ ಮೊಸರು ಲ್ಯಾಕ್ಟೋಸ್‌ನಿಂದ ಪೂರ್ಣ ಮುಕ್ತವಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಇದನ್ನು ತಿನ್ನಬಾರದು. ಒಂದು ವರ್ಷದೊಳಗಿನ ಮಕ್ಕಳಿಗೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿರುವುದರಿಂದ ಜೇನುತುಪ್ಪ ಬೆರೆಸಿದ ಮೊಸರನ್ನು ಕೊಡಬಾರದು.

ಹಾಲೊಡಕಿನ ಬಳಕೆ

ಬಸಿದುಬಂದ ಹಾಲೊಡಕಿನಲ್ಲಿ ಲ್ಯಾಕ್ಟೋಸ್, ಲ್ಯಾಕ್ಟಿಕ್ ಆಮ್ಲ ಮತ್ತು ಖನಿಜಗಳಿರುತ್ತವೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಕೆರೆ ಅಥವಾ ಹೊಳೆಗೆ ಬಿಟ್ಟರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಮೀನುಗಳು ಸಾಯುವ ಸಂಭವವಿದೆ. ಆದ್ದರಿಂದ ಕಾರ್ಖಾನೆಗಳು ಇದನ್ನು ಜಾನುವಾರುಗಳ ಮೇವಿಗೆ, ಹೊಲಗಳ ಗೊಬ್ಬರಕ್ಕೆ ಮತ್ತು ಜೈವಿಕ ಅನಿಲದ ಉತ್ಪಾದನೆಗೆ ಕಳುಹಿಸುತ್ತವೆ. ಮನೆಗಳಲ್ಲಿ ಇದನ್ನು ಚಪಾತಿ ಅಥವಾ ರೊಟ್ಟಿಯ ಹಿಟ್ಟು ಕಲಸಲು, ಸಾರಿಗೆ ಹುಳಿಯಾಗಿ ಮತ್ತು ಮಜ್ಜಿಗೆಯಂತೆ ಉಪ್ಪು ಬೆರೆಸಿ ಕುಡಿಯಲು ಬಳಸಬಹುದು. ಬಸಿಯುವಾಗ ಹೊರಹೋದ ಲ್ಯಾಕ್ಟೋಸ್ ಇದರಲ್ಲಿಯೇ ಇರುವುದರಿಂದ, ಹೀಗೆ ಬಳಸಿದಾಗ ಅದನ್ನೂ ದಿನದ ಕಾರ್ಬೋಹೈಡ್ರೇಟ್ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.